ಬೀಗರ ಹೆಗಲು

ನಮ್ಮ ಮನೆಯ ಪಡಸಾಲೆಯ ಗೂಟಕ್ಕೆ ಒಂದು ಚೀಲ ತೂಗುತ್ತಿದೆ. ಬೆನ್ನಿಗೆ ಹಾಕಿಕೊಳ್ಳುವ ಜಾತಿಯದು. ಒಂದು ಪಟ್ಟಿ ಕಿತ್ತುಹೋಗಿ, ಕಿತ್ತ ತುದಿಯಲ್ಲಿ ದಾರಗಳು ಬೆಕ್ಕಿನ ಮೀಸೆಯ ಹಾಗೆ ಹೊರಬಿದ್ದಿವೆ. ಅದು ನನ್ನದಲ್ಲ. ನನ್ನ ಚೀಲ ದೊಡವಾಡದಲ್ಲಿ ಇನ್ನೊಬ್ಬರ ಮನೆಯ ಗೂಟಕ್ಕಿದೆ. ಬಂದ ನೆಂಟರು ಇದನ್ನು ನೋಡಿ, ಅಂಗಡಿ ತುಂಬ ಅರಿವೆ ಇಟ್ಟುಕೊಂಡವನು ಒಂದು ಪಟ್ಟಿ ಹೊಲಿಸಲಾರದೆ ಕೂತಿದ್ದಾನಲ್ಲ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ. ನನ್ನ ಹೆಂಡತಿ ಶಾಂತಾ ಬಾಯಿಬಿಟ್ಟೇ ಅನ್ನುತ್ತಾಳೆ. ನಾನು ಕೇಳಿಸದವನ ಹಾಗೆ ಪೇಪರು ಓದುತ್ತೇನೆ.

ನಾನು ಬೈಲಹೊಂಗಲದ ಬಜಾರಿನಲ್ಲಿ ಅರಿವೆ ವ್ಯಾಪಾರ ಮಾಡುವವನು. ಮುಂಜಾನೆ ಗಾದಿಯ ಮೇಲೆ ಕೂತರೆ ಏಳುವುದು ಮಧ್ಯಾಹ್ನದ ಊಟಕ್ಕೇ. ಗಿರಾಕಿ ಬೇಡಿದ ಸೀರೆ ಮೇಲಿನ ಕಪಾಟಿನಲ್ಲಿದ್ದರೆ, ಕೆಳಗಿನ ಕಪಾಟಿನ ಸೀರೆಯೇ ಅವರ ಮೈಬಣ್ಣಕ್ಕೆ ಹೊಂದುತ್ತದೆ ಎಂದು ನಂಬಿಸುವ ವಿದ್ಯೆ ನನಗೆ ಇಷ್ಟು ವರ್ಷದಲ್ಲಿ ಕರಗತವಾಗಿದೆ. ಇಂಥ ಮನುಷ್ಯ ವರ್ಷಕ್ಕೊಮ್ಮೆ ಗುಡ್ಡ ಹತ್ತುತ್ತಾನೆ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ. ಹತ್ತುವುದು ಬೇರೆ, ಹತ್ತಿಸಿಕೊಳ್ಳುವುದು ಬೇರೆ. ಈ ವ್ಯತ್ಯಾಸವನ್ನು ನಾನು ಬಹಳ ವರ್ಷ ಮನೆಯಲ್ಲಿ ಹೇಳದೆ ಮುಚ್ಚಿಟ್ಟಿದ್ದೆ.

ಗುಡ್ಡ ಹತ್ತುವವರು ನಾವು ಮೂವರು. ಮೊದಲನೆಯವರು ನೇಸರಗಿಯ ಶಂಕರ ಮಾಸ್ತರು. ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಹಳೆಯ ಕಾರೊಂದರ ಮಾಲೀಕರು, ಮೊಬೈಲಿನಲ್ಲಿ ಹವಾಮಾನ ನೋಡುವ ಹುಚ್ಚಿನವರು. ಮೈಮೇಲೆ ಮಳೆ ಸುರಿಯುತ್ತಿದ್ದರೂ ಮೊಬೈಲು ಬಿಸಿಲು ಎಂದರೆ ಅವರು ಛತ್ರಿ ಬಿಚ್ಚುವುದಿಲ್ಲ. ಎರಡನೆಯವನು ದೊಡವಾಡದ ಅಡಿವೆಪ್ಪ. ಹೊಲ ಮನೆ ಮಾಡಿಕೊಂಡಿರುವವನು, ಕಟ್ಟಿಗೆಯಂಥ ಗಟ್ಟಿ ಮೈ, ಸದಾ ಬಿಳಿ ಅಂಗಿ, ಬಾಯಿ ತೆರೆದರೆ ಬೈಗುಳ. ನನ್ನ ತಾಯಿಯ ತವರು ದೊಡವಾಡ. ನಾನು ಅಜ್ಜನ ಮನೆಯಲ್ಲಿದ್ದು ಸಾಲೆಗೆ ಹೋಗುವಾಗ ಮೊದಲ ದಿನವೇ ನನ್ನ ಪಾಟಿ ಒಡೆದವನು ಇವನೇ. ಮರುದಿನ ತನ್ನ ಪಾಟಿಯನ್ನು ತಂದು ನನ್ನ ಕೈಗಿಟ್ಟು, ಅಳು ನಿಲ್ಲಿಸದಿದ್ದರೆ ಇದನ್ನೂ ಒಡೆಯುತ್ತೇನೆ ಎಂದು ಹೆದರಿಸಿದವನೂ ಇವನೇ. ಮೂರನೆಯವನು ಈ ಬರಹ ಬರೆಯುತ್ತಿರುವ ಮಹಾಶಯ.

ಶ್ರಾವಣದ ಒಂದು ರವಿವಾರ ಮಾಸ್ತರರ ಕಾರಿನಲ್ಲಿ ಸವದತ್ತಿ ದಾಟಿ ರಾಮದುರ್ಗದ ಕಡೆಯ ಗುಡ್ಡವೊಂದಕ್ಕೆ ಹೋಗುವುದು ನಮ್ಮ ರೂಢಿ. ಗುಡ್ಡದ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು, ಅದರಲ್ಲೇನು ದೊಡ್ಡಸ್ತಿಕೆ, ನಮ್ಮ ಆಡುಗಳು ದಿನಾ ಹತ್ತುತ್ತವೆ ಎನ್ನುತ್ತಾರೆ. ನಿಜವೇ. ಗುಡ್ಡದ ಹಿಂಬದಿಗೆ ಆಡು ಹತ್ತುವ ಸಲೀಸಾದ ದಾರಿಯೊಂದಿದೆ. ಆದರೆ ನಾವು ಸಾಹಸಿಗರು. ಮುಂಬದಿಯಿಂದ, ಕೆಂಪು ಬಂಡೆಗಳನ್ನು ತಬ್ಬಿಕೊಂಡು, ಮೊಣಕೈ ಮೊಣಕಾಲು ತರಚಿಕೊಂಡು ಹತ್ತಬೇಕು. ಆಡುಗಳಿಗೆ ಇಷ್ಟು ತಿಳಿಗೇಡಿತನ ಇಲ್ಲ.

ಆ ಮುಂಬದಿಯ ದಾರಿಯ ಕೊನೆಗೆ ಎರಡು ಬಂಡೆಗಳ ನಡುವೆ ಒಂದು ಸೀಳು ಇದೆ. ನಾವು ಅದಕ್ಕೆ ಗಂಟಲು ಎನ್ನುತ್ತೇವೆ. ಕೆಳಗೆ ನಾಲ್ಕು ಜನ ನಿಲ್ಲುವಷ್ಟು ಚಪ್ಪಟೆ ಜಾಗ, ಅದರಾಚೆ ಇಳಿಜಾರು. ಮೇಲೆ ಕೈಗೆ ಎಟುಕದಷ್ಟು ಎತ್ತರದಲ್ಲಿ ಬಂಡೆಯ ಅಂಚು. ಆ ಅಂಚು ಹಿಡಿದರೆ ಗುಡ್ಡ ಗೆದ್ದ ಹಾಗೆ. ಮಾಸ್ತರು ಉದ್ದ ಕಾಲಿನವರು, ಹೇಗೋ ಹತ್ತಿಬಿಡುತ್ತಾರೆ. ನನ್ನ ಪಾಳಿ ಬಂದಾಗ ಅಡಿವೆಪ್ಪ ಬಂಡೆಗೆ ಬೆನ್ನು ಕೊಟ್ಟು ಕುಕ್ಕರಿಸುತ್ತಾನೆ. ನಾನು ಮೊದಲು ಅವನ ತೊಡೆಯ ಮೇಲೆ, ಆಮೇಲೆ ಹೆಗಲ ಮೇಲೆ ಕಾಲಿಡುತ್ತೇನೆ. ಅವನು ನಿಧಾನವಾಗಿ ಎದ್ದು ನಿಲ್ಲುತ್ತಾನೆ. ಏಳುವಾಗ ನನ್ನ ತೂಕ, ನನ್ನ ಊಟ, ನನ್ನ ಗಾದಿ, ನನ್ನ ಇಡೀ ವಂಶ ಎಲ್ಲಕ್ಕೂ ಒಂದೊಂದು ಬೈಗುಳ. ಮೇಲಿನಿಂದ ಮಾಸ್ತರು ಕೈ ಹಿಡಿದು ಎಳೆಯುತ್ತಾರೆ. ಕೊನೆಗೆ ಅಡಿವೆಪ್ಪ ಯಾರ ಹಂಗೂ ಇಲ್ಲದೆ ಓತಿಕ್ಯಾತನ ಹಾಗೆ ಸರಸರ ಬಂದುಬಿಡುತ್ತಾನೆ.

ಮನೆಗೆ ಬಂದು ನಾನು ಹೇಳುವ ಕಥೆಯಲ್ಲಿ ಹೆಗಲು ಬರುವುದಿಲ್ಲ. ಗಂಟಲನ್ನು ನಾನೇ ಹತ್ತಿದೆ ಎನ್ನುತ್ತೇನೆ. ಹೇಗೆ ಹತ್ತಿದಿರಿ ಎಂದು ಕೇಳಿದರೆ ಉಸಿರು ಹಿಡಿದು, ಮನಸ್ಸು ಗಟ್ಟಿ ಮಾಡಿ ಎಂದು ಯೋಗಾಸನ ಕಲಿಸುವವರ ಧಾಟಿಯಲ್ಲಿ ವಿವರಿಸುತ್ತೇನೆ. ಅಡಿವೆಪ್ಪ ಎದುರಿಗೇ ಇದ್ದರೂ ಒಂದು ದಿನವೂ ನನ್ನ ಮಾತು ಕತ್ತರಿಸಿದವನಲ್ಲ. ಗೋಡೆ ನೋಡುತ್ತ ಚಹಾ ಕುಡಿಯುತ್ತಿದ್ದ.

ಅವನ ಹೆಗಲಿಗೂ ನನ್ನ ಕಾಲಿಗೂ ಇರುವ ನಂಟು ಗುಡ್ಡದಿಂದ ಶುರುವಾದದ್ದಲ್ಲ. ಚಿಕ್ಕಂದಿನಲ್ಲಿ ಊರಿಗೆ ತಗಡಿನ ಗೋಡೆಯ ಟೂರಿಂಗ್ ಟಾಕೀಸು ಬರುತ್ತಿತ್ತು. ಟಿಕೀಟು ತೆಗೆಯುವ ಯೋಗ ನಮಗೆ ಇರಲಿಲ್ಲ. ಹಿಂದಿನ ತಗಡಿನಲ್ಲಿ ಎತ್ತರಕ್ಕೊಂದು ತೂತು. ಅಡಿವ್ಯಾ ಕೆಳಗೆ ನಿಲ್ಲುವುದು, ನಾನು ಅವನ ಹೆಗಲೇರಿ ಕಣ್ಣು ಹಚ್ಚುವುದು. ನೋಡಿದ್ದನ್ನು ನೋಡಿದ ಹಾಗೆ ಕೆಳಗೆ ಹೇಳುತ್ತ ಹೋಗಬೇಕು, ಇದು ಕರಾರು. ತೂತಿನಿಂದ ಪರದೆಯ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧವನ್ನು ನಾನೇ ಕಟ್ಟಿ ಹೇಳುತ್ತಿದ್ದೆ. ಒಂದು ಸಿನೆಮಾದಲ್ಲಿ ನಾಯಕಿ ಸತ್ತೇಹೋದಳು ಎಂದು ನಾನು ಹೇಳಿದ್ದಕ್ಕೆ ಅವನು ಬಿಕ್ಕಿ ಬಿಕ್ಕಿ ಅತ್ತು, ಹೆಗಲು ಅಲುಗಿ, ನಾನು ಕೆಳಗೆ ಬಿದ್ದೆ. ಎಷ್ಟೋ ವರ್ಷದ ಮೇಲೆ ಅದೇ ಸಿನೆಮಾ ಟೀವಿಯಲ್ಲಿ ಬಂತು. ನಾಯಕಿ ಸಾಯುವುದೇ ಇಲ್ಲ, ಮದುವೆಯಾಗಿ ಸುಖವಾಗಿರುತ್ತಾಳೆ. ಅಡಿವೆಪ್ಪ ನನಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದ. ಬೈದು ಮುಗಿಸಿ, ಆದರೂ ನೀ ಹೇಳಿದ್ದೇ ಚಲೋ ಇತ್ತು ಎಂದ.

ಇಂಥ ಗೆಳೆಯ ಈ ವರ್ಷ ನನಗೆ ಬೀಗನಾದ.

ಆದದ್ದು ಇಷ್ಟೇ. ನನ್ನ ಮಗಳು ಸವಿತಾ ನಮ್ಮೂರ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅಡಿವೆಪ್ಪನ ಮಗ ಮಲ್ಲಿಕಾರ್ಜುನ ಹೊಲಗಳಿಗೆ ಹನಿ ನೀರಾವರಿಯ ಪೈಪು ಕೂಡಿಸುವ ಕೆಲಸ ಮಾಡುತ್ತಾನೆ. ಹುಡುಗ ಹುಡುಗಿ ತಾವೇ ಮಾತಾಡಿಕೊಂಡು ಗಟ್ಟಿ ಮಾಡಿ ನಮಗೆ ತಿಳಿಸಿದರು. ಎಲ್ಲವನ್ನೂ ನಾವೇ ನೋಡಿ ಮಾಡಿದ ಹಾಗೆ ನಾವು ಊರೆಲ್ಲ ಓಡಾಡಿದೆವು. ಸುದ್ದಿ ಕೇಳಿದ ದಿನ ನಾವಿಬ್ಬರೂ ಅಂಗಡಿಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡದ್ದನ್ನು ನೋಡಿ, ಸೀರೆ ಕೊಳ್ಳಲು ಬಂದ ಇಬ್ಬರು ಹೆಂಗಸರು ಯಾರೋ ತೀರಿಕೊಂಡರು ಎಂದು ತಿಳಿದು ಎದ್ದು ಹೋದರು. ಅವತ್ತು ನಮ್ಮ ಗೆಳೆತನದ ಕೊನೆಯ ದಿನ ಎಂದು ನಮಗೆ ಗೊತ್ತಿರಲಿಲ್ಲ.

ಅಂದು ಸಂಜೆಯೇ ಶಾಂತಾ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ನಾವು ಹೆಣ್ಣಿನ ಕಡೆಯವರು, ತಗ್ಗಿ ನಡೆಯಬೇಕು. ಇನ್ನು ಮೇಲೆ ಅಡಿವ್ಯಾ ಇಲ್ಲ, ಲೇ ಇಲ್ಲ, ಬೀಗರು. ಅವರು ಅಂಗಡಿಗೆ ಬಂದರೆ ಗಾದಿಯಿಂದ ಎದ್ದು ನಿಲ್ಲಬೇಕು. ಚಹಾ ಕಪ್ಪು ಬಸಿಯಲ್ಲಿ ಬರಬೇಕು. ಅವರ ಮಾತಿಗೆ ಎದುರಾಡಬಾರದು, ಅವರತ್ತ ಕಾಲು ಚಾಚಬಾರದು, ಅವರಿಗೆ ಏನನ್ನೂ ಹೊರಿಸಬಾರದು. ಬೀಗತನ ಗಾಜಿನ ಬಳೆ ಇದ್ದ ಹಾಗೆ, ನಿಮ್ಮ ಹುಡುಗಾಟದಿಂದ ಮಗಳ ಬಾಳಿಗೆ ಮಾತು ಬರಬಾರದು ಎಂದಳು. ಮಗಳ ಬಾಳು ಎಂದ ಮೇಲೆ ನಾನು ಎಲ್ಲಕ್ಕೂ ಒಪ್ಪಿದೆ. ದೊಡವಾಡದಲ್ಲೂ ಅಡಿವೆಪ್ಪನ ಹೆಂಡತಿ ಗಂಗವ್ವ ಇದೇ ಪಾಠ ಮಾಡಿದ್ದಳೆಂದು ಆಮೇಲೆ ತಿಳಿಯಿತು.

ಮುಂದಿನ ಸಲ ಅವನು ಅಂಗಡಿಗೆ ಬರುವ ಮೊದಲು ಫೋನು ಮಾಡಿ, ಬರಬಹುದೇ ಎಂದು ಕೇಳಿದ. ಬಂದ. ನಾನು ಎದ್ದು ನಿಂತೆ. ಗಾದಿಯ ಮೇಲೆ ಉರುಳಿಕೊಳ್ಳುತ್ತಿದ್ದವನು ಕುರ್ಚಿಯ ತುದಿಗೆ ಕೂತ. ಬಸಿಯಲ್ಲಿ ಬಂದ ಚಹಾವನ್ನು ಕಷಾಯ ಕುಡಿಯುವವನ ಮುಖ ಮಾಡಿ ಕುಡಿದ. ಮಳೆ ಹೇಗೆ ಎಂದು ನಾನು ಕೇಳಿದೆ, ವ್ಯಾಪಾರ ಹೇಗೆ ಎಂದು ಅವನು ಕೇಳಿದ. ಅವನ ಹೊಲದ ಮಳೆ ನನಗೆ ಗೊತ್ತು, ನನ್ನ ವ್ಯಾಪಾರ ಅವನಿಗೆ ಗೊತ್ತು. ಬರತೇನ್ರಿ ಎಂದು ಕೈ ಮುಗಿದು ಎದ್ದುಹೋದ. ಅವನು ಹೋದ ಮೇಲೆ ನಾನು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಕಣ್ಣೊರೆಸಿಕೊಂಡೆ. ಮಗಳಿಗೆ ಒಳ್ಳೆಯ ಮನೆ ಸಿಕ್ಕಿತು, ನನಗಿದ್ದ ಒಬ್ಬ ಗೆಳೆಯ ಹೋದ. ಈ ಮಾತನ್ನು ಯಾರೆದುರಿಗೂ ಹೇಳುವ ಹಾಗಿರಲಿಲ್ಲ, ಯಾಕೆಂದರೆ ಇಂಥದ್ದನ್ನೆಲ್ಲ ನಾನು ಹೇಳುತ್ತಿದ್ದದ್ದು ಅವನೆದುರಿಗೆ ಮಾತ್ರ.

ಹೀಗೆ ಎರಡು ತಿಂಗಳು ಕಳೆದು ಶ್ರಾವಣ ಬಂತು. ಈ ವರ್ಷ ಗುಡ್ಡ ಬೇಡ ಎಂದು ನಾನೂ ಅವನೂ ಬೇರೆ ಬೇರೆಯಾಗಿ ಮಾಸ್ತರರಿಗೆ ಹೇಳಿದ್ದೆವು. ಮಾಸ್ತರು ಇಬ್ಬರಿಗೂ, ಇನ್ನೊಬ್ಬರು ಬಹಳ ಆಸೆಪಟ್ಟಿದ್ದಾರೆ ಎಂದು ಸುಳ್ಳು ಹೇಳಿ ಒಪ್ಪಿಸಿದರು. ಅದೇ ದಿನ ಶಾಂತಾ ನಿಶ್ಚಯಕ್ಕೆ ಆರಿಸಿದ ಸೀರೆಗಳನ್ನು ತೋರಿಸಲು ದೊಡವಾಡಕ್ಕೆ ಹೊರಟಳು. ಮಾಸ್ತರರ ಕಾರಿನಲ್ಲೇ ಅವಳನ್ನು ಬೀಗರ ಮನೆಯಲ್ಲಿ ಇಳಿಸಿ, ಬೀಗರನ್ನು ಹತ್ತಿಸಿಕೊಳ್ಳುವುದೆಂದಾಯಿತು.

ಮೊದಲ ಎಡವಟ್ಟು ಅಲ್ಲೇ ಆಯಿತು. ಎರಡೂ ಮನೆಯವರು ಬುತ್ತಿ ಕಟ್ಟಿದ್ದರು. ಎಲ್ಲ ವರ್ಷ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಈ ವರ್ಷ ಬೀಗರು ತಿನ್ನುವ ಬುತ್ತಿ. ಶಾಂತಾ ಹೋಳಿಗೆ, ಎಣ್ಣೆಗಾಯಿ, ಕರಚಿಕಾಯಿ ಎಂದು ನನ್ನ ಚೀಲ ತುಂಬಿದ್ದಳು. ಗಂಗವ್ವ ಅದನ್ನು ಮೀರಿಸಿ ಅಡಿವೆಪ್ಪನ ಚೀಲದಲ್ಲಿ ಸ್ಟೀಲಿನ ಡಬ್ಬಿಗಳ ಗೋಪುರವನ್ನೇ ಕಟ್ಟಿದ್ದಳು. ಗುಡ್ಡದ ಬುಡದಲ್ಲಿ ಕಾರಿನಿಂದ ಇಳಿದಾಗ, ಬೀಗರಿಗೆ ಹೊರಿಸಬಾರದು ಎಂಬುದು ನೆನಪಾಗಿ ನಾನು ಅವನ ಚೀಲ ಕಸಿದುಕೊಂಡೆ. ಛೇ, ಬೀಗರು ಹೊರುವುದೇ ಎಂದು ಅವನು ನನ್ನ ಚೀಲ ಕಸಿದುಕೊಂಡ. ಕೊನೆಗೆ ಅವನ ಭಾರ ನನ್ನ ಬೆನ್ನಿಗೆ, ನನ್ನ ಭಾರ ಅವನ ಬೆನ್ನಿಗೆ. ಇಬ್ಬರಿಗೂ ಮರ್ಯಾದೆ ಉಳಿಸಿದ ಸಮಾಧಾನ. ನನ್ನ ನೀರು, ನನ್ನ ಕನ್ನಡಕ, ಮಳೆಯ ಅಂಗಿ ಎಲ್ಲ ಅವನ ಬೆನ್ನ ಮೇಲೆ ಮುಂದೆ ಹೋದವು.

ಹೊರಡುವಾಗ ಒಳ್ಳೆಯ ಬಿಸಿಲಿತ್ತು. ಕೆಳಗೆ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುವವರು ಬಗ್ಗಿಕೊಂಡಿದ್ದರು. ದೂರದಲ್ಲಿ ಮಲಪ್ರಭೆಯ ಹಿನ್ನೀರು ಹೊಳೆಯುತ್ತಿತ್ತು. ಅರ್ಧ ಗುಡ್ಡಕ್ಕೆ ಬರುವಷ್ಟರಲ್ಲಿ ಪಡುವಣ ದಿಕ್ಕಿನಿಂದ ತಣ್ಣನೆಯ ಗಾಳಿ ಎದ್ದಿತು. ಎಲ್ಲೋ ಇದ್ದ ಮೋಡ ನಮ್ಮ ತಲೆಯ ಮೇಲೆ ಬಂದು, ನಾಲ್ಕು ಹನಿ ಚೆಲ್ಲಿ, ನಾವು ಬಂಡೆಯ ಅಡಿಗೆ ನುಸುಳುವಷ್ಟರಲ್ಲಿ ಸರಿದುಹೋಯಿತು. ಮತ್ತೆ ಬಿಸಿಲು. ಮಾಸ್ತರರ ಮೊಬೈಲು ಇಡೀ ದಿನ ಒಣ ಹವೆ ಎಂದಿತ್ತು. ಅಡಿವೆಪ್ಪ ಆಕಾಶ ನೋಡಿ, ಇದು ಮಘೆ ಮಳೆ, ಬಂದರೆ ಮಗೆ ಹೋದರೆ ಹೊಗೆ, ಇದನ್ನು ನಂಬಬಾರದು ಎಂದ. ಎಂದೂ ಇಂಥ ಮಾತಿಗೆ ಸುಮ್ಮನಿರದ ನಾನು, ನೀವು ಹೇಳಿದ್ದು ಖರೆ ಬೀಗರೆ ಎಂದೆ. ಮಾಸ್ತರು ಹಿಂತಿರುಗಿ ನಮ್ಮಿಬ್ಬರನ್ನೂ ನೋಡಿ ತಲೆ ಕೊಡವಿದರು.

ಹತ್ತುವಾಗ ಇನ್ನೊಂದು ತೊಂದರೆ. ಪ್ರತಿವರ್ಷ ನಾನು ಜಾರುವ ಜಾಗಗಳಲ್ಲಿ ಅಡಿವೆಪ್ಪ ಹಿಂದಿನಿಂದ ನನ್ನ ಕುಂಡೆಗೆ ಹೆಗಲು ಕೊಟ್ಟು, ಕಬ್ಬಿನ ಗಾಡಿ ದಬ್ಬುವ ಹಾಗೆ ದಬ್ಬುತ್ತಿದ್ದ. ಬೀಗರ ಕುಂಡೆಯನ್ನು ಯಾರು ಮುಟ್ಟುತ್ತಾರೆ. ಅವನು ಗೌರವದ ಅಂತರ ಕಾಯ್ದುಕೊಂಡು, ಹುಷಾರ್ರಿ, ನಿಧಾನರಿ ಎನ್ನುತ್ತ ಬಂದ. ನಾನು ಗೌರವದಿಂದಲೇ ಎರಡು ಸಲ ಬಿದ್ದೆ.

ಗಂಟಲಿನ ಬುಡಕ್ಕೆ ಬಂದೆವು. ಮಾಸ್ತರು ತಮ್ಮ ಉದ್ದ ಕಾಲು ಬೀಸಿ ಮೇಲೆ ಹೋಗಿ ಮೊಬೈಲು ಹಿಡಿದು ಕೂತರು. ಉಳಿದವರು ನಾವಿಬ್ಬರು. ಅಡಿವೆಪ್ಪ ಅಭ್ಯಾಸಬಲದಿಂದ ಬಂಡೆಗೆ ಬೆನ್ನು ಕೊಟ್ಟು ಕುಕ್ಕರಿಸಲು ಹೋದವನು ನಡುವೆ ತಡೆದು ನಿಂತ. ನಾನೂ ಎತ್ತಿದ ಕಾಲನ್ನು ನೆಲಕ್ಕಿಟ್ಟೆ. ಹುಡುಗನ ತಂದೆಯ ಹೆಗಲ ಮೇಲೆ ಹುಡುಗಿಯ ತಂದೆ ಬೂಟುಗಾಲಿಡುವುದು! ಇದು ಹೊರಬಿದ್ದರೆ ಬೈಲಹೊಂಗಲದಿಂದ ಕಿತ್ತೂರಿನ ತನಕ ನಮ್ಮ ಬಳಗದವರಿಗೆ ಒಂದು ವರ್ಷಕ್ಕೆ ಸಾಲುವಷ್ಟು ಮಾತು. ನೀವು ಮುಂದೆ ಹೋಗಿರಿ ಎಂದೆ. ಹಾಗೆಲ್ಲಾದರೂ ಉಂಟೇ, ನೀವು ಮೊದಲು ಎಂದ. ಹಿರಿಯರು ನೀವು ಎಂದೆ. ವಯಸ್ಸಿನಲ್ಲಿ ನೀವೇ ಎರಡು ತಿಂಗಳು ದೊಡ್ಡವರು ಎಂದ. ಗಂಡಿನ ಕಡೆಯವರು ಮುಂದಿರಬೇಕು ಎಂದೆ. ಹೆಣ್ಣು ಕೊಟ್ಟವರ ಋಣ ದೊಡ್ಡದು ಎಂದ. ಊಟದ ಪಂಕ್ತಿಯಲ್ಲಿ ಮೊದಲ ಎಲೆಗೆ ಕೂರಿಸಲು ನಡೆಯುವ ಈ ಜಗ್ಗಾಟವನ್ನು ನೀವು ಮದುವೆಮನೆಗಳಲ್ಲಿ ನೋಡಿದ್ದೀರಿ. ಗುಡ್ಡದ ನೆತ್ತಿಯ ಕೆಳಗೆ ನೋಡಿರಲಿಕ್ಕಿಲ್ಲ. ಮಾತು ಶುರುವಾದಾಗ ಬಿಸಿಲಿತ್ತು. ಋಣದ ಮಾತು ಬರುವಾಗ ನೆರಳು ಬಿದ್ದಿತ್ತು. ನಾನು ಗೆದ್ದು, ಅವನು ಕೈ ಮುಗಿದು ಮುಂದೆ ಹತ್ತುವಷ್ಟರಲ್ಲಿ ಗುಡ್ಡದ ಒಂದು ಮಗ್ಗುಲು ಮೋಡದಲ್ಲಿ ಮಾಯವಾಗಿತ್ತು.

ಅವನು ಮೇಲೆ ಹೋದ. ಕೆಳಗೆ ಉಳಿದವನು ನಾನೊಬ್ಬ. ಆಡಿನ ದಾರಿಯಿಂದ ಸುತ್ತಿ ಬರುತ್ತೇನೆ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ಬೀಗರ ಎದುರಿಗೆ ಕೈಲಾಗದವನಾಗಬಾರದಲ್ಲ. ಇಷ್ಟು ವರ್ಷ ಮನೆಯಲ್ಲಿ ಹೇಳುತ್ತಿದ್ದ ಹಾಗೆ ಉಸಿರು ಹಿಡಿದು, ಮನಸ್ಸು ಗಟ್ಟಿ ಮಾಡಿ ಗಂಟಲಿಗೆ ನುಗ್ಗಿದೆ. ಎರಡೂ ಬದಿಗೆ ಕಾಲೊತ್ತಿ, ಮೊಣಕೈ ಊರಿ, ಒಂದಾಳೆತ್ತರ ಬಂದೇಬಿಟ್ಟೆ. ನನಗೇ ಅಚ್ಚರಿ. ಇನ್ನೊಂದು ಗೇಣು ಏರಿದರೆ ಅಂಚು ಕೈಗೆ ಸಿಗುತ್ತದೆ ಎನ್ನುವಾಗ ಹಿಂದಿನಿಂದ ಏನೋ ಹಿಡಿದು ನಿಲ್ಲಿಸಿತು. ಗಂಗವ್ವ ಕಟ್ಟಿದ ಡಬ್ಬಿಗಳ ಗೋಪುರ ಬಂಡೆಗಳ ನಡುವೆ ಸಿಕ್ಕಿಬಿದ್ದಿತ್ತು. ಮುಂದೆ ನನ್ನ ಹೊಟ್ಟೆ, ಹಿಂದೆ ಬೀಗರ ಬುತ್ತಿ. ಮೇಲೂ ಇಲ್ಲ, ಕೆಳಗೂ ಇಲ್ಲ.

ಆಗ ಮಳೆ ಬಂತು. ಹನಿ ಹನಿಯಾಗಿ ಅಲ್ಲ, ಯಾರೋ ಕೊಡ ಬೋರಲು ಹಾಕಿದ ಹಾಗೆ ಬಂತು. ಗಂಟಲಿನ ತುಂಬ ಕೆಂಪು ನೀರು ಹರಿಯತೊಡಗಿತು. ಒತ್ತಿ ಹಿಡಿದ ಕಾಲುಗಳ ಅಡಿಯಲ್ಲಿ ಬಂಡೆ ಸಾಬೂನಿನ ಹಾಗೆ ಜಾರತೊಡಗಿತು. ಕೆಳಗಿನ ಚಪ್ಪಟೆ ಜಾಗ ಕಾಣಿಸಲಿಲ್ಲ. ಅದರ ಮೇಲೆ ಬಿದ್ದರೂ ಅಲ್ಲೇ ನಿಲ್ಲುತ್ತೇನೆಂಬ ಧೈರ್ಯ ಇರಲಿಲ್ಲ, ಅದರಾಚೆಗೆ ಇಳಿಜಾರು. ಮೇಲಿನಿಂದ ಮಾಸ್ತರು ಕೈ ಚಾಚಿದರು, ಅದನ್ನು ಹಿಡಿಯಲು ನಾನು ಬಂಡೆಯಿಂದ ಕೈ ಬಿಡುವ ಹಾಗಿರಲಿಲ್ಲ. ನಗಿಸಲು ಹೇಳುತ್ತಿಲ್ಲ, ನನಗೆ ನಿಜವಾಗಿಯೂ ಸಾವಿನ ಭಯವಾಯಿತು. ನಿಶ್ಚಯದ ದಿನ ಮಗಳು ಉಡುವ ಸೀರೆಯ ಸೆರಗು ಕಣ್ಣ ಮುಂದೆ ಬಂತು.

ಅಡಿವೆಪ್ಪ ಮೇಲಿನ ಅಂಚಿನಲ್ಲಿ ಇರಲಿಲ್ಲ. ಎಲ್ಲಿಗೆ ಹೋದನೆಂದು ನಾನು ಹೆದರುತ್ತಿರುವಾಗಲೇ ಕೆಳಗಿನಿಂದ ಅವನ ಏದುಸಿರು ಕೇಳಿಸಿತು. ಹಿಂಬದಿಯ ಆಡಿನ ದಾರಿಯಿಂದ ಆ ಮಳೆಯಲ್ಲಿ ಓಡಿ ಇಳಿದು, ಗುಡ್ಡದ ಸೊಂಟ ಸುತ್ತಿ ಬಂದುಬಿಟ್ಟಿದ್ದ. ಬಂದವನೇ ನನ್ನ ಕಾಲ ಕೆಳಗೆ ಬಂಡೆಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ ನಿಂತ. ನನ್ನ ಬೂಟಿನ ಅಡಿಗೆ ಅವನ ಹೆಗಲು ತಾಗಿತು.

ತಾಗಿದ ಕೂಡಲೇ ನಾನು ಕಾಲು ಎತ್ತಿಕೊಂಡೆ. ಇದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯದು. ಪ್ರಾಣ ಹೋಗುವ ಹೊತ್ತಿನಲ್ಲೂ ಬೀಗರ ಮೈಗೆ ಕಾಲು ತಾಗಿತಲ್ಲ ಎಂದು ಕಾಲೆತ್ತಿಕೊಂಡು ಒಂಟಿಗಾಲಲ್ಲಿ ತೂಗಾಡಿದೆ. ಮೇಲಾಗಿ, ಸ್ವಲ್ಪ ತಡೀರಿ ಬೀಗರ, ಬೂಟು ಬಿಚ್ಚತೇನಿ ಎಂದೆನಂತೆ. ಎರಡೂ ಕೈ ಬಂಡೆಗೆ ಅಂಟಿಕೊಂಡಿರುವಾಗ ಬೂಟನ್ನು ಯಾವುದರಿಂದ ಬಿಚ್ಚುವವನಿದ್ದೆನೋ.

ಕೆಳಗಿನಿಂದ ಅವನ ದನಿ ಬಂತು. ಮಳೆಯ ಸದ್ದಿನಲ್ಲೂ ಒಂದೊಂದು ಮಾತು ಕೇಳಿಸಿತು.

"ಹುಚ್ಚ ಖೋಡಿ, ಮಗಳನ್ನ ಕೊಡಾಕ ಹಿಂದ ಮುಂದ ನೋಡಲಿಲ್ಲ, ಕಾಲು ಕೊಡಾಕ ವಿಚಾರ ಮಾಡಾಕ ಹತ್ತಿಯೇನ?"

ಮಂದಿ ಏನು ಅಂದಾರು ಎಂದೆ.

"ಮಂದೀನ ಕಟ್ಟಿಕೊಂಡ ಏನ್ ಮಾಡ್ತಿ? ಎರಡ ತಿಂಗಳಾತು, ನಿನ್ನ ಅಂಗಡಿಗೆ ಬಂದು ಕುರ್ಚಿ ಮ್ಯಾಲ ಕುಂತು ಹೋಗಾಕ ಹತ್ತೇನಿ. ಮನಿಗೆ ಹೋದ್ರ ಊಟ ಸೇರವಲ್ದು. ಬೀಗರು ಬೇಕಂದ್ರ ನನಗ ಊರ ತುಂಬ ಸಿಗತಾರ. ನೀ ಎಲ್ಲಿ ಸಿಗತೀಲೆ? ಇಡು ಕಾಲು."

ನಾನು ಕಾಲಿಟ್ಟೆ.

ಒಂದು ಕಾಲು, ಆಮೇಲೆ ಇನ್ನೊಂದು. ಅವನು ಕೈ ಎತ್ತಿ ನನ್ನ ಬೆನ್ನಿನ ಚೀಲದ ಪಟ್ಟಿಯ ಇಳಿಬಿದ್ದ ತುದಿಯನ್ನು ಹಿಡಿದು ಜಗ್ಗಿದ. ಪಟ್ಟಿ ಕಿತ್ತಿತು, ಚೀಲ ಓರೆಯಾಗಿ ಸಡಿಲವಾಯಿತು, ನನ್ನ ಹೊಟ್ಟೆಗೂ ಬಿಡುಗಡೆಯಾಯಿತು. ಅವನು ಏಳತೊಡಗಿದ. ಎದ್ದ ಹಾಗೆಲ್ಲ ಬೈಗುಳ ಶುರುವಾದವು. ಈ ವರ್ಷ ಏನು ತಿಂದಿ, ಗಾದಿಯನ್ನೇ ತಿಂದಿಯಾ, ನಿನ್ನ ಮಗಳು ನಿನ್ನ ಹಾಗೆ ಇದ್ದಿದ್ದರೆ ನನ್ನ ಮಗನ ಗತಿ ಏನು, ನಿಮ್ಮ ಅಜ್ಜ ಹೀಗೇ ಇದ್ದ, ಅವನಿಂದ ಎತ್ತಿನ ಗಾಡಿಯ ಅಚ್ಚು ಮುರಿದಿತ್ತು. ಎರಡು ತಿಂಗಳ ಬಾಕಿ ಬೈಗುಳಗಳೆಲ್ಲ ಒಂದೇ ಸಲ ಬಂದವು. ನಾನು ಬಂಡೆಗೆ ಮುಖವೊತ್ತಿ ನಗುತ್ತಿದ್ದೆ. ಅಳುತ್ತಲೂ ಇದ್ದೆ, ಮಳೆಯಲ್ಲಿ ಅದು ಯಾರಿಗೆ ತಿಳಿಯಬೇಕು. ಬಾಯಿಗೆ ಬಂದ ಒಂದೆರಡನ್ನು ನಾನೂ ಕೆಳಗೆ ಕಳಿಸಿದೆ. ಮಾಸ್ತರು ನನ್ನ ಮುಂಗೈ ಹಿಡಿದು ಎಳೆದರು. ಜೋಳದ ಚೀಲ ಲಾರಿಗೆ ಬಿದ್ದ ಹಾಗೆ ನಾನು ಗುಡ್ಡದ ನೆತ್ತಿಗೆ ಬಿದ್ದೆ.

ಅಡಿವೆಪ್ಪ ಹತ್ತಿ ಬಂದು ನನ್ನ ಪಕ್ಕದಲ್ಲಿ ಅಂಗಾತ ಮಲಗಿದ. ಮಳೆ, ತನ್ನ ಕೆಲಸ ಮುಗಿಯಿತು ಎನ್ನುವ ಹಾಗೆ ನಿಂತಿತು. ಮೋಡ ಸರಿದು ಮತ್ತೆ ಬಿಸಿಲು. ಮಾಸ್ತರು ಮೊಬೈಲು ತೋರಿಸಿ, ನೋಡಿ, ಒಣ ಹವೆ, ನಾನು ಹೇಳಿರಲಿಲ್ಲವೇ ಎಂದರು. ಅವರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬುತ್ತಿ ಬಿಚ್ಚಿದೆವು. ಅರಿವೆಯಲ್ಲಿ ಕಟ್ಟಿದ್ದ ಖಡಕ್ ರೊಟ್ಟಿ ನೆನೆದು ಚಪಾತಿಯಾಗಿದ್ದವು. ಡಬ್ಬಿಯಲ್ಲಿದ್ದ ಹೋಳಿಗೆ ಉಳಿದಿತ್ತು. ಯಾರು ಮೊದಲು ಎಂದು ಯಾರೂ ಕೇಳಲಿಲ್ಲ. ಅಡಿವೆಪ್ಪ ನನ್ನ ಕೈಯ ಹೋಳಿಗೆಯನ್ನೇ ಅರ್ಧ ಹರಿದುಕೊಂಡ. ತಿನ್ನುತ್ತ ತಿನ್ನುತ್ತ, ನಿನಗೆ ಬಸಿಯಲ್ಲಿ ಚಹಾ ಕೊಟ್ಟ ದಿನ ನಾನು ಅತ್ತೆ ಎಂದು ಹೇಳಿಬಿಟ್ಟೆ. ಅವನು ನನ್ನ ಕಡೆ ನೋಡದೆ, ಹೊರಗೆ ಬಂದು ನಿನ್ನ ಅಂಗಡಿಯ ಪಕ್ಕದ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತಿದ್ದೆ, ಕರೆದೀಯೇನೋ ಎಂದು ಎಂದ. ನಾನು ಕರೆದಿರಲಿಲ್ಲ, ಹಿಂದಿನ ಕೋಣೆಯಲ್ಲಿದ್ದೆ. ಉಳಿದ ಹೋಳಿಗೆಯನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಇಳಿಯುವಾಗ ಆಡಿನ ದಾರಿಯಿಂದಲೇ ಇಳಿದೆವು. ಕಾರಿನ ಹತ್ತಿರ ಬಂದಾಗ ನೋಡುತ್ತೇನೆ, ಅಡಿವೆಪ್ಪನ ಬಿಳಿ ಅಂಗಿಯ ಬಲ ಹೆಗಲಿನ ಮೇಲೆ ನನ್ನ ಬೂಟಿನ ಹೆಜ್ಜೆ ಕೆಮ್ಮಣ್ಣಿನಲ್ಲಿ ಅಚ್ಚೊತ್ತಿದ ಹಾಗೆ ಮೂಡಿತ್ತು. ಹಿಮ್ಮಡಿ, ಅಂಗಾಲು, ಅಡಿಯ ಗೆರೆಗಳು ಎಲ್ಲ ಎದ್ದು ಕಾಣುತ್ತಿದ್ದವು. ಎಲ್ಲ ವರ್ಷ ಒಣ ಮಣ್ಣು, ಕೊಡವಿದರೆ ಹೋಗುತ್ತಿತ್ತೆಂದು ನಾನು ತಿಳಿದಿದ್ದೆ. ಒದ್ದೆ ಕರವಸ್ತ್ರದಿಂದ ಒರೆಸಹೋದೆ. ಹೆಜ್ಜೆ ಅಳಿಯಲಿಲ್ಲ, ಇನ್ನಷ್ಟು ದೊಡ್ಡದಾಗಿ ಆನೆಯದಾಯಿತು. ಅಂಗಡಿಗೆ ಹೋಗಿ ಹೊಸ ಅಂಗಿ ಹಾಕಿಕೊಂಡು ಹೋಗು ಮಾರಾಯ ಎಂದು ಬೇಡಿಕೊಂಡೆ. ಅವನು ಕೇಳಲಿಲ್ಲ. ಈ ಅಂಗಿ ನನ್ನದು, ನಾನು ಹೀಗೇ ಹೋಗುತ್ತೇನೆ ಎಂದು ಮುಂದಿನ ಸೀಟಿನಲ್ಲಿ ಕೂತು ನಿದ್ದೆ ಹೋದ. ಹಿಂದೆ ಕೂತ ನನಗೆ ದೊಡವಾಡದ ತನಕ ಆ ಹೆಜ್ಜೆಯೇ ಕಾಣುತ್ತಿತ್ತು. ಒಳಗೆ ಸೀರೆ ಹರವಿಕೊಂಡು ಕೂತಿರುವ ಶಾಂತಾ ಏನೆನ್ನುತ್ತಾಳೆ, ಗಂಗವ್ವ ಏನು ತಿಳಿಯುತ್ತಾಳೆ, ಬೀಗತನ ಉಳಿಯುತ್ತದೆಯೇ ಎಂದು ನಾನು ಲೆಕ್ಕ ಹಾಕುತ್ತ ಕೂತೆ.

ಸಂಜೆ ಬಿಸಿಲು ಇರುವಾಗಲೇ ಮನೆ ಮುಟ್ಟಿದೆವು. ಬೀಗರು ಬಂದರೆಂದು ಗಂಗವ್ವ ಕಾಲಿಗೆ ನೀರು ಹಿಡಿದು ಬಾಗಿಲಿಗೆ ಬಂದಳು, ಅವಳ ಹಿಂದೆ ಶಾಂತಾ. ನಾನು ಅಡಿವೆಪ್ಪನ ಹೆಜ್ಜೆ ಬಿದ್ದ ಹೆಗಲಿಗೆ ಅಡ್ಡ ನಿಲ್ಲಲು ನೋಡಿದೆ. ಅವನು ಬೇಕೆಂದೇ ಸರಿದು ನಿಂತ. ಶಾಂತಾ ಮೊದಲು ಅವನ ಹೆಗಲು ನೋಡಿದಳು, ಆಮೇಲೆ ನನ್ನ ಬೂಟು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಉಸಿರು ಹಿಡಿದು ಗಂಟಲು ಹತ್ತುವ ನನ್ನ ಅಷ್ಟೂ ವರ್ಷದ ಕಥೆ ಅಲ್ಲಿಗೆ ಮುಗಿಯಿತು. ಅದರ ಚಿಂತೆ ನನಗಿರಲಿಲ್ಲ. ನಾನು ಗಂಗವ್ವನಿಗೆ ಕೈ ಮುಗಿದು, ತಪ್ಪಾಯಿತು, ಮಳೆಯಲ್ಲಿ ಹಾಗಾಯಿತು, ಬೇಕೆಂದು ಇಟ್ಟ ಕಾಲಲ್ಲ ಎಂದು ತೊದಲಿದೆ.

ಗಂಗವ್ವ ನನ್ನ ಮಾತು ಕೇಳುತ್ತಿರಲಿಲ್ಲ. ಗಂಡನ ಹತ್ತಿರ ಹೋಗಿ, ಒದ್ದೆ ಅಂಗಿಯ ಮೇಲಿನ ಆ ಹೆಜ್ಜೆಯ ಮೇಲೆ ಕೈಯಾಡಿಸಿದಳು. ಅವಳ ಕಣ್ಣು ತುಂಬಿದ್ದವು. ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

"ವರ್ಷಾ ವರ್ಷಾ ಈ ಅಂಗಿ ತೊಳ್ಯಾಕಿ ನಾನ ಅಲ್ಲೇನ್ರಿ, ಬೀಗರ? ಈ ವರ್ಷ ನನ್ನ ಮಾತ ಕೇಳಿ ಹೆಗಲ ಮ್ಯಾಲ ಹೆಜ್ಜಿ ಇಲ್ದ ಮನಿಗೆ ಬಂದ್ರ ಏನ್ ಮಾಡೂದು ಅಂತ ಮುಂಜಾನಿಂದ ಅಂಜಿ ಕುಂತಿದ್ದೆ."